ತೋಡಿನ ನೀರು ಕೆಟ್ಟಿದೆ, ಕಾರಣ ಗಡಿಯ ಆಚೆ ಇದೆ. ದೂರು ಯಾರಿಗೆ ಕೊಡುವುದು?

ಗುಡ್ಡೆಬದಿ:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಅಡಿಕೆ ಕೃಷಿಕ. ನಮ್ಮ ತೋಟದ ಬದಿಯ ತೋಡು (ಸಣ್ಣ ಹಳ್ಳ) ಕರ್ನಾಟಕದ ಗುಡ್ಡೆಯಲ್ಲಿ ಹುಟ್ಟಿ, ನಮ್ಮಲ್ಲಿಂದ ಇಳಿದು ಉಪ್ಪಳ ಹೊಳೆಗೆ ಸೇರುತ್ತದೆ. ಮಳೆಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ದೀಪಾವಳಿ ಕಳೆದು ಹರಿವು ಕಮ್ಮಿಯಾದ ಮೇಲೆ ಬೆಳಗ್ಗೆ ಹೊತ್ತು ಬಿಳಿ ನೊರೆ ಬರುತ್ತಿದೆ. ಹುಳಿ ವಾಸನೆ. ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ ಹಿಡಿದಿದೆ. ಬಾವಿ ತೋಡಿನಿಂದ ಜಾಸ್ತಿ ದೂರ ಇಲ್ಲ. ಈಗ ಕುಡಿಯಲಿಕ್ಕೆ ನೆರೆಮನೆಯ ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದದ್ದು) ನೀರು ತರುತ್ತಿದ್ದೇವೆ.

ಮೇಲ್ಗಡೆ ರಬ್ಬರ್ ಶೀಟ್ ಮಾಡುವ ಒಂದು ಶೆಡ್ ಇದೆ. ಅದಕ್ಕಿಂತ ಮೇಲೆ ಕೋಳಿ ಫಾರ್ಮ್. ಎರಡೂ ಗಡಿಯ ಆಚೆ. ಯಾವುದರಿಂದ ಅಂತ ನಾನು ಆಣೆ ಹಾಕಿ ಹೇಳಲಾರೆ. ಈಚೆ ಪಂಚಾಯತಿನಲ್ಲಿ ಕೇಳಿದರೆ "ಅದು ಕರ್ನಾಟಕ, ನಮಗೆ ಅಧಿಕಾರ ಇಲ್ಲ" ಅಂದರು. ಆಚೆ ಕೇಳಿದರೆ "ನಿಮ್ಮ ಬಾವಿ ಕೇರಳದಲ್ಲಿ ಅಲ್ವಾ" ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ, ನೀರು ಮಾತ್ರ ಹಾಗೇ ಇದೆ. ತಿಳಿದವರು ಹೇಳಿ, ದೂರು ಎಲ್ಲಿಗೆ? ಬಾಟ್ಲಿಯಲ್ಲಿ ನೀರು ತೆಗೆದುಕೊಂಡು ಹೋಗಿ ಟೆಸ್ಟ್ ಮಾಡಿಸಿದರೆ ಸಾಕಾ?

ಕೋರ್ಟುಗುಮಾಸ್ತ:

ಅಣ್ಣ, ಕೊಳಚೆ ಯಾವ ಜಾಗದಲ್ಲಿ ತೋಡಿಗೆ ಬೀಳುತ್ತದೋ ಆ ಜಾಗ ಯಾವ ರಾಜ್ಯದ್ದು ಅಂತ ನೋಡಬೇಕು. ಆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೇ ಕ್ರಮ ತೆಗೆದುಕೊಳ್ಳಬೇಕು. ನೀವು ಹೇಳುವ ಪ್ರಕಾರ ಅದು ಕರ್ನಾಟಕ ಮಂಡಳಿಯ ಮಂಗಳೂರು ಪ್ರಾದೇಶಿಕ ಕಚೇರಿ. ಆದರೆ ಹಾಳಾಗಿರುವ ನೀರು ಕೇರಳದಲ್ಲಿದೆ. ಹಾಗಾಗಿ ಅದೇ ದೂರನ್ನು ಕಾಸರಗೋಡಿನ ಕೇರಳ ಮಂಡಳಿಯ ಕಚೇರಿಗೂ ಕೊಡಿ. ಎರಡು ಕಡೆಗೂ ಹೋಗಿದೆ ಅಂತ ಎರಡರಲ್ಲೂ ಬರೆಯಿರಿ. ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. (ಎರಡೂ ಮಂಡಳಿಗಳ ಚುಟುಕು ಹೆಸರು ಕೆಎಸ್‌ಪಿಸಿಬಿ. ಲಕೋಟೆಯ ಮೇಲೆ ರಾಜ್ಯದ ಹೆಸರು ಪೂರ್ತಿ ಬರೆಯಿರಿ ಮಾರಾಯ್ರೆ.)

ಕಾಯ್ದೆ ಮಾತ್ರ ಎರಡೂ ಕಡೆ ಒಂದೇ. 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ. ನೀರು ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ, ಅಂದರೆ ಕಾಯ್ದೆ ಮಾಡುವುದು ರಾಜ್ಯಗಳ ಕೆಲಸ. ಹಾಗಾಗಿ ಮೊದಲು ಕೆಲವು ರಾಜ್ಯಗಳ ವಿಧಾನಸಭೆಗಳು ನಿರ್ಣಯ ಮಾಡಿ ಕೇಳಿದವು, ಆಮೇಲೆ ಸಂಸತ್ತು ಸಂವಿಧಾನದ 252ನೇ ವಿಧಿಯ ಪ್ರಕಾರ ಇದನ್ನು ಮಾಡಿತು. ಮೊದಲ 12 ರಾಜ್ಯಗಳಲ್ಲೇ ಕರ್ನಾಟಕವೂ ಇತ್ತು, ಕೇರಳವೂ ಇತ್ತು.

ನಿಮಗೆ ಬೇಕಾದ ಸೆಕ್ಷನ್ 24. ವಿಷವಾದ, ನೀರು ಕೆಡಿಸುವ ವಸ್ತುವನ್ನು ಗೊತ್ತಿದ್ದೂ ತೋಡಿಗೆ, ಬಾವಿಗೆ ಬಿಡಬಾರದು. "ಅದು ಹೊಳೆ ಅಲ್ಲ, ಬರೀ ತೋಡು" ಅಂತ ಯಾರಾದರೂ ಹೇಳಿದರೆ ಸೆಕ್ಷನ್ 2(ಜೆ) ತೋರಿಸಿ. ಅದರಲ್ಲಿ ಹೊಳೆ ಇದೆ, ತೋಡು ಇದೆ, ಸದ್ಯಕ್ಕೆ ಬತ್ತಿದ ತೋಡೂ ಇದೆ, ನೆಲದಡಿಯ ನೀರೂ ಇದೆ. ನಮ್ಮೂರಿನ ಅರ್ಧಕ್ಕರ್ಧ ತೋಡುಗಳು ಮಾರ್ಚಿನಲ್ಲಿ ಬತ್ತುತ್ತವೆ. ಕಾಯ್ದೆ ಬರೆದವನಿಗೆ ಅದು ಗೊತ್ತಿತ್ತು ಅನಿಸುತ್ತದೆ.

ಎರಡು ಮಂಡಳಿಗಳ ನಡುವೆ ತಕರಾರು ಬಂದರೆ ಬಿಡಿಸುವುದು ಕೇಂದ್ರ ಮಂಡಳಿಯ ಕೆಲಸ. ಅದು ಸೆಕ್ಷನ್ 16ರಲ್ಲೇ ಇದೆ. ಎರಡು ರಾಜ್ಯ ಸೇರಿ ಜಂಟಿ ಮಂಡಳಿ ಮಾಡಲಿಕ್ಕೂ ಸೆಕ್ಷನ್ 13ರಲ್ಲಿ ದಾರಿ ಇದೆ. ನಮ್ಮ ಗಡಿಗೆ ಅಂತ ಅಂಥದ್ದೊಂದು ಇದ್ದಿದ್ದರೆ ನೀವು ಇಲ್ಲಿ ಪ್ರಶ್ನೆ ಹಾಕಬೇಕಾಗಿರಲಿಲ್ಲ.

ನೀರ್ಚಾಲಿನ ಅಕ್ಕ:

ತಮ್ಮ, ಕಾಯ್ದೆ ಎಲ್ಲ ಆಮೇಲೆ. ನಿನ್ನ ಮನೆಯ ಪಾಯಿಖಾನೆ ಗುಂಡಿ ಬಾವಿಯಿಂದ ಎಷ್ಟು ದೂರ ಇದೆ, ಮೊದಲು ಅದನ್ನು ಹೇಳು. ನಾನು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು. ಬಾವಿ ನೀರು ಕೆಟ್ಟಿದೆ ಅಂತ ಬರುವವರೆಲ್ಲ ಮೇಲಿನವರ ಕಡೆ ಬೊಟ್ಟು ಮಾಡುತ್ತಾರೆ. ಹೋಗಿ ನೋಡಿದರೆ ಅವರದ್ದೇ ಗುಂಡಿ ಬಾವಿಯ ಪಕ್ಕದಲ್ಲಿ ಇರುತ್ತದೆ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಬೇಕು. ಸಣ್ಣ ಜಾಗದಲ್ಲಿ ನೆರೆಯವನ ಗುಂಡಿಯನ್ನೂ ಲೆಕ್ಕ ಹಾಕಬೇಕು. ಕೆಂಪುಕಲ್ಲಿನ ನೆಲ ಬೇರೆ. ನೀರು ಅದರ ತೂತುಗಳಲ್ಲಿ ಬೇಗ ಓಡುತ್ತದೆ. ಕೆಲವು ಕಡೆ 7.5 ಮೀಟರೂ ಸಾಲುವುದಿಲ್ಲ.

ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ 100 ಮಿಲಿಲೀಟರಿನಲ್ಲಿ ಒಂದೇ ಒಂದು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕೂಡ ಸಿಗಬಾರದು. ನಮ್ಮ ತೆರೆದ ಬಾವಿಗಳಲ್ಲಿ ಎಷ್ಟು ಪಾಸಾಗುತ್ತವೆ ಅಂತ ಕೇಳಬೇಡ.

ಸದ್ಯಕ್ಕೆ ಮಾಡಬೇಕಾದ್ದು ಕ್ಲೋರಿನೇಶನ್. 1,000 ಲೀಟರಿಗೆ 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್. ನೀರು ಕೆಟ್ಟಿದೆ ಅಂತ ಸಂಶಯ ಇದ್ದರೆ 5 ಗ್ರಾಂ. ಬಾವಿಯ ಅಡ್ಡಳತೆ 3 ಮೀಟರ್, ನೀರು 2 ಮೀಟರ್ ಇದ್ದರೆ ಸುಮಾರು 14,000 ಲೀಟರ್. ಅಂದರೆ 35 ಗ್ರಾಂ, ಸಂಶಯ ಇದ್ದರೆ 70 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗೆ ಇಳಿಯಲು ಬಿಟ್ಟು, ಮೇಲಿನ ತಿಳಿ ಮಾತ್ರ ಬಾವಿಗೆ ಹಾಕಬೇಕು. ಕೊಡಪಾನ ಇಳಿಸಿ ನಾಲ್ಕು ಸಲ ಎತ್ತಿ ಹಾಕಿದರೆ ನೀರೆಲ್ಲ ಬೆರೆಯುತ್ತದೆ. ಒಂದು ಗಂಟೆ ಬಿಟ್ಟು ಬಳಸು. ಸುರಂಗದ ನೀರು ಹರಿಯುತ್ತಾ ಇರುತ್ತದೆ, ಅದಕ್ಕೆ ಹಾಕಿ ಪ್ರಯೋಜನ ಇಲ್ಲ. ಅದು ಬೀಳುವ ಟ್ಯಾಂಕಿಗೆ ಹಾಕಬೇಕು. ಏನು ಮಾಡಿದರೂ ಕುದಿಸಿ ಆರಿಸಿಯೇ ಕುಡಿಯಿರಿ.

ಗುಡ್ಡೆಬದಿ:

ಅಕ್ಕ, ಗುಂಡಿ ಮನೆಯ ಹಿಂದೆ ಇದೆ, ಬಾವಿ ಮುಂದೆ. 7.5 ಮೀಟರಿಗಿಂತ ಎಷ್ಟೋ ಜಾಸ್ತಿ ಇದೆ. ಮತ್ತೆ, ನೊರೆ ಬರುವುದು ತೋಡಿನಲ್ಲಿ, ಅದು ನಮ್ಮ ಗುಂಡಿಯಿಂದ ಬರಲಿಕ್ಕೆ ಸಾಧ್ಯ ಇಲ್ಲ ಅಲ್ವಾ.

ರಬ್ಬರ್ ರಾಯ:

ನೊರೆ ಬೆಳಗ್ಗೆ ಮಾತ್ರ ಬರುತ್ತದೆ ಅಂದರೆ ನಮ್ಮವರದ್ದೇ ಕೆಲಸ. ನಾನೂ ರಬ್ಬರ್ ಇಟ್ಟವನು, ಹಾಗಾಗಿ ಹೇಳುತ್ತಿದ್ದೇನೆ.

ಬೆಳಗ್ಗಿನ ಜಾವ ಟ್ಯಾಪಿಂಗ್ (ಮರ ಕೀರಿ ಹಾಲು ಇಳಿಸುವುದು), ಮಧ್ಯಾಹ್ನದೊಳಗೆ ರಬ್ಬರ್ ಹಾಲು ಶೇಖರಣೆ. ನೀರು ಬೆರೆಸಿ ಟ್ರೇಗೆ ಹೊಯ್ದು ಫಾರ್ಮಿಕ್ ಆಸಿಡ್ ಹಾಕುತ್ತಾರೆ. ಅದು ಗಟ್ಟಿಯಾದ ಮೇಲೆ, ಹೆಚ್ಚಾಗಿ ಮರುದಿನ ಬೆಳಗ್ಗೆ, ರೋಲರಿಗೆ ಕೊಟ್ಟು ಶೀಟ್ ಒತ್ತುತ್ತಾರೆ. ಆಗ ಟ್ರೇಯಲ್ಲಿ ಉಳಿದ ನೀರೂ ಶೀಟ್ ತೊಳೆದ ನೀರೂ ಒಟ್ಟಿಗೆ ಹೊರಗೆ ಬರುತ್ತದೆ. ಅದರಲ್ಲಿ ಆಸಿಡ್ ಜೊತೆ ಹಾಲಿನ ಪ್ರೋಟೀನು, ಸಕ್ಕರೆ ಎಲ್ಲ ಇರುತ್ತದೆ. ಮೊದಲು ಹುಳಿ ವಾಸನೆ, ಎರಡು ದಿನ ನಿಂತರೆ ಕೊಳೆತ ಮೊಟ್ಟೆಯ ವಾಸನೆ.

ಪರೀಕ್ಷೆ ಸುಲಭ ಇದೆ. ಟ್ಯಾಪಿಂಗ್ ಇಲ್ಲದ ದಿನದ ಮರುದಿನ ತೋಡು ನೋಡಿ. ಬೆಳಗ್ಗೆ ಮಳೆ ಬಂದು ಕೆಲಸ ನಿಂತ ದಿನ ಇರಬಹುದು, ಕೆಲಸದವರು ರಜೆ ಮಾಡಿದ ದಿನ ಇರಬಹುದು. ಮರುದಿನ ನೊರೆ ಇಲ್ಲದಿದ್ದರೆ ಅದು ಶೆಡ್ಡಿನದ್ದೇ. ಎಲೆ ಉದುರುವ ಕಾಲದಲ್ಲಿ ಟ್ಯಾಪಿಂಗ್ ಹೇಗೂ ನಿಲ್ಲುತ್ತದೆ, ಆಗಲೂ ಗೊತ್ತಾಗುತ್ತದೆ. ಕೋಳಿ ಫಾರ್ಮಿನ ಲೆಕ್ಕ ಬೇರೆ. ಒಂದು ಬ್ಯಾಚ್ ಮಾರಿ ಶೆಡ್ ತೊಳೆಯುವುದು ಒಂದೂವರೆ ತಿಂಗಳಿಗೊಮ್ಮೆ. ದಿನಾ ಬೆಳಗ್ಗೆ ಬರುವ ನೊರೆ ಅದರದ್ದಲ್ಲ.

ಒಂದು ಮಾತು. ದೂರು ಕೊಡುವ ಮೊದಲು ಆ ಶೆಡ್ಡಿನವರ ಹತ್ತಿರ ಒಮ್ಮೆ ಮಾತಾಡಿ. ಈ ನೀರಿನಿಂದ ಬಯೋಗ್ಯಾಸ್ ಮಾಡಬಹುದು, ರಬ್ಬರ್ ಬೋರ್ಡಿನವರೇ ಅದನ್ನು ಹೇಳಿಕೊಡುತ್ತಾರೆ. ಗ್ಯಾಸಿನಿಂದ ಅವರ ಅಡುಗೆಮನೆ ಒಲೆ ಉರಿಯುತ್ತದೆ. ಎಲ್ಲರೂ ಕೇಡಿಗರಲ್ಲ. ತೋಡು ಮಳೆಗಾಲದಲ್ಲಿ ಎಲ್ಲವನ್ನೂ ಒಯ್ಯುತ್ತದೆ, ಬೇಸಿಗೆಯಲ್ಲೂ ಒಯ್ಯುತ್ತದೆ ಅಂತ ಅಂದುಕೊಂಡವರೇ ಜಾಸ್ತಿ.

ಲ್ಯಾಬ್ ಮಾಷ್ಟ್ರು:

ರಾಯರು ಹೇಳಿದ್ದು ಸರಿ. ಆ ಬೂದು ಲೋಳೆಯೂ ಅದನ್ನೇ ಹೇಳುತ್ತದೆ. ಕೊಳೆಯುವ ವಸ್ತು ತುಂಬಾ ಇರುವ ಹರಿಯುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಹೀಗೆ ಗುಂಪು ಕಟ್ಟಿಕೊಂಡು ಕಲ್ಲಿಗೆ ಅಂಟುತ್ತವೆ. ಶೆಡ್ಡಿನ ಮೇಲ್ಗಡೆ ಲೋಳೆ ಇಲ್ಲ, ಕೆಳಗಡೆ ಇದೆ ಅಂತಾದರೆ ಒಂದು ಫೋಟೋ ಹತ್ತು ಪುಟದ ದೂರಿಗಿಂತ ಜಾಸ್ತಿ ಹೇಳುತ್ತದೆ. ಆದರೆ ಎರಡೂ ಕಡೆ ಒಂದೇ ದಿನ ತೆಗೆಯಬೇಕು.

ಈಗ ಟೆಸ್ಟ್ ವಿಷಯ. "ನೀರು ಟೆಸ್ಟ್ ಮಾಡಿ" ಅಂತ ಬಾಟ್ಲಿ ಕೊಟ್ಟರೆ ಲ್ಯಾಬಿನವರು ಪಿಎಚ್ (ಹುಳಿ-ಕ್ಷಾರದ ಅಳತೆ), ಗಡಸುತನ, ಕಬ್ಬಿಣ, ಕ್ಲೋರೈಡ್ ನೋಡಿ ಕಳಿಸುತ್ತಾರೆ. ನಿಮ್ಮ ಕೇಸಿಗೆ ಅದರಿಂದ ಅರ್ಧ ಪ್ರಯೋಜನವೂ ಇಲ್ಲ. ಪಿಎಚ್ ಇರಬೇಕಾದ್ದು 6.5ರಿಂದ 8.5. ನಮ್ಮ ಕೆಂಪುಕಲ್ಲು ನೆಲದ ಬಾವಿಗಳಲ್ಲಿ ಯಾರೂ ಏನೂ ಹಾಕದೆಯೂ ಅದು ಆರರ ಹತ್ತಿರ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇರುತ್ತದೆ. ಕಬ್ಬಿಣವೂ ಹಾಗೇ. ಆ ರಿಪೋರ್ಟ್ ಹಿಡಿದು ಶೆಡ್ಡಿನವರ ಮೇಲೆ ಹೋದರೆ ಅವರ ವಕೀಲರಿಗೆ ಖುಷಿಯಾಗುತ್ತದೆ.

ತೋಡಿನ ನೀರಿಗೆ ನೀವು ಕೇಳಬೇಕಾದ್ದು ಬಿಒಡಿ, ಸಿಒಡಿ, ಕರಗಿದ ಆಮ್ಲಜನಕ, ಅಮೋನಿಯಾ, ಸಲ್ಫೈಡ್. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಸಿಒಡಿ ಅಂದರೆ ಅದೇ ಥರದ ಲೆಕ್ಕ, ಬ್ಯಾಕ್ಟೀರಿಯಾದ ಬದಲು ರಾಸಾಯನಿಕದಿಂದ ಮಾಡಿದ್ದು. ಕೇಂದ್ರ ಮಂಡಳಿಯ ವರ್ಗೀಕರಣದ ಪ್ರಕಾರ ಸ್ನಾನಕ್ಕೆ ಯೋಗ್ಯವಾದ ಹೊಳೆ ನೀರಿನಲ್ಲಿ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಆಮ್ಲಜನಕ 5ಕ್ಕಿಂತ ಇಳಿಯಬಾರದು. ಒಂದು ಘಟಕದಿಂದ ತೋಡಿಗೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಬಿಒಡಿ 30, ಸಿಒಡಿ 250, ಪಿಎಚ್ 5.5ರಿಂದ 9. ಇಲ್ಲೊಂದು ಸಿಕ್ಕು ಇದೆ ನೋಡಿ. ಮಳೆಗಾಲದಲ್ಲಿ 30ರ ನೀರು ತೋಡಿಗೆ ಬಿದ್ದರೆ ತೆಳುವಾಗಿ ಹೋಗುತ್ತದೆ. ಜನವರಿಯಲ್ಲಿ ತೋಡೇ ಬೆರಳಿನಷ್ಟು ಹರಿಯುವಾಗ ಅದೇ 30 ತೋಡನ್ನು ಕೊಲ್ಲುತ್ತದೆ. ಮಿತಿಯೊಳಗೆ ಇದ್ದೂ ನೀರು ಕೆಡಬಹುದು. ನನ್ನ ಮಟ್ಟಿಗೆ ನಮ್ಮಂಥ ಊರಿಗೆ ಬೇಸಿಗೆಗೇ ಬೇರೆ ಮಿತಿ ಬೇಕು.

ಬಾವಿ ನೀರಿಗೆ ಕೋಲಿಫಾರ್ಮ್, ಅಮೋನಿಯಾ, ನೈಟ್ರೇಟ್ ಕೇಳಿ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಜಾಸ್ತಿ ಬಂದರೆ ಕೋಳಿ ಗೊಬ್ಬರ ಅಂತ ಸಂಶಯ ಪಡಬಹುದು. ಆದರೆ ಆ ಗೊಬ್ಬರ ಲಾರಿಯಲ್ಲಿ ಬಂದು ನಮ್ಮ ಅಡಿಕೆ ಬುಡಕ್ಕೇ ಬೀಳುತ್ತದೆ ಅಲ್ವಾ? ಅದೂ ಲೆಕ್ಕಕ್ಕೆ ಬರುತ್ತದೆ.

ಕೋಲಿಫಾರ್ಮಿಗೆ ಲ್ಯಾಬಿನವರೇ ಕೊಡುವ ಶುದ್ಧ ಬಾಟ್ಲಿ ಬೇಕು. ಐಸಿನಲ್ಲಿಟ್ಟು ಅದೇ ದಿನ ತಲುಪಿಸಬೇಕು. ಮಿನರಲ್ ವಾಟರ್ ಬಾಟ್ಲಿಯಲ್ಲಿ ಹಿಡಿದು ಬಸ್ಸಿನ ಬಿಸಿಯಲ್ಲಿ ಒಯ್ದರೆ ಬರುವ ಅಂಕಿಗೆ ಅರ್ಥ ಇಲ್ಲ.

ಕೋರ್ಟುಗುಮಾಸ್ತ:

ಮಾಷ್ಟ್ರೇ, ಇಷ್ಟೆಲ್ಲ ಮಾಡಿದರೂ ಆ ಬಾಟ್ಲಿ ಇವರ ಬಾಟ್ಲಿಯೇ. ಜಲ ಕಾಯ್ದೆಯಲ್ಲಿ ಮೊಕದ್ದಮೆ ನಡೆಸಲಿಕ್ಕೆ ಬೇಕಾದ ಸ್ಯಾಂಪಲ್ ಬೇರೆ. ಸೆಕ್ಷನ್ 21 ಓದಿ. ಮಂಡಳಿಯ ಅಧಿಕಾರಿಯೇ ಬಂದು ತೆಗೆಯಬೇಕು. ಘಟಕದವನಿಗೆ ಆಗಲೇ ಅಲ್ಲಿಯೇ ನೋಟಿಸ್ ಕೊಡಬೇಕು. ಅವನ ಎದುರೇ ಸ್ಯಾಂಪಲನ್ನು ಎರಡು ಪಾಲು ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಬಿಒಡಿ 3,000 ಬಂದರೂ ಕೋರ್ಟಿನಲ್ಲಿ ಅದು ಸಾಕ್ಷಿ ಅಲ್ಲ. ನೀರಿನ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ನೀರು ಚೆನ್ನಾಗಿತ್ತು ಅಂತ ಯಾರೂ ಗೆಲ್ಲುವುದಿಲ್ಲ, ಬಾಟ್ಲಿ ಸರಿ ಇರಲಿಲ್ಲ ಅಂತ ಗೆಲ್ಲುತ್ತಾರೆ.

ಹಾಗಂತ ನಿಮ್ಮ ಬಾಟ್ಲಿ ವ್ಯರ್ಥ ಅಲ್ಲ. ಅಧಿಕಾರಿ ಬರಲಿಕ್ಕೆ ಅದೇ ಕಾರಣ ಆಗುತ್ತದೆ. ಅವರು ಬರಬೇಕಾದ ಹೊತ್ತನ್ನೂ ದೂರಿನಲ್ಲಿ ಬರೆಯಿರಿ. "ಬೆಳಗ್ಗೆ ಶೀಟ್ ಒತ್ತುವ ಹೊತ್ತಿಗೆ" ಅಂತ. ಮಧ್ಯಾಹ್ನ ಮೂರು ಗಂಟೆಗೆ ಜೀಪಿನಲ್ಲಿ ಬಂದು ತಿಳಿ ನೀರಿನ ಸ್ಯಾಂಪಲ್ ತೆಗೆದುಕೊಂಡು ಹೋದರೆ ನಿಮ್ಮ ಕೇಸ್ ಅಲ್ಲಿಗೇ ಮುಗಿಯಿತು.

ಒಪ್ಪಿಗೆ ಪತ್ರದ ವಿಷಯವೂ ಇದೆ. ಕೊಳಚೆ ಹೊರಬಿಡುವ ಘಟಕಕ್ಕೆ ಸೆಕ್ಷನ್ 25ರ ಪ್ರಕಾರ ಮಂಡಳಿಯ ಒಪ್ಪಿಗೆ ಬೇಕು. 5,000ಕ್ಕಿಂತ ಜಾಸ್ತಿ ಕೋಳಿ ಸಾಕುವವರಿಗೂ ಬೇಕು. ಮಂಡಳಿ ಉದ್ಯಮಗಳನ್ನು ಮಾಲಿನ್ಯ ಎಷ್ಟು ಅಂತ ನೋಡಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತೆಲ್ಲ ವಿಂಗಡಿಸಿದೆ. ಆ ಶೆಡ್ಡಿಗೆ ಒಪ್ಪಿಗೆ ಇದೆಯಾ, ಇದ್ದರೆ ಷರತ್ತು ಏನು, ಕೊನೆಯ ಸಲ ಯಾರು ಯಾವಾಗ ಪರಿಶೀಲನೆ ಮಾಡಿದರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಮನೆ ಅಂಗಳದ ಒಂದು ರೋಲರಿಗೆ ಯಾರೂ ಒಪ್ಪಿಗೆ ಕೇಳುವುದಿಲ್ಲ. ಆದರೆ ಸುತ್ತಿನವರ ಹಾಲೆಲ್ಲ ಖರೀದಿಸಿ ಶೀಟ್ ಮಾಡುವ ಶೆಡ್ ಆದರೆ ಅದು ವ್ಯಾಪಾರ.

ಎಣ್ಮಕಜೆಯವ:

ಸ್ಯಾಂಪಲ್ ಜಗಳ ಅಂದರೆ ಏನು ಅಂತ ನಮ್ಮನ್ನು ಕೇಳಿ.

ನಮ್ಮ ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡೆಯ ತಲೆಯಲ್ಲಿ ಗೇರು, ಬುಡದಲ್ಲಿ ಮನೆ, ನಡುವೆ ಸುರಂಗ. ಸಿಂಪಡಿಸುವಾಗ ಬಾವಿ, ಕೆರೆ ಮುಚ್ಚಬೇಕು ಅಂತ ನಿಯಮ ಇತ್ತು. ಬಾವಿಗೆ ಸೋಗೆ ಹಾಕಬಹುದು. ತೋಡಿಗೆ ಏನು ಹಾಕುವುದು? ಗುಡ್ಡೆಗೆ ಬಿದ್ದದ್ದು ಮುಂದಿನ ಮಳೆಗೆ ಕೊಡೆಂಕೇರಿ ತೋಡಿಗೇ ಇಳಿಯುತ್ತದೆ ಅಲ್ವಾ.

ಊರಿನ ಕಾಯಿಲೆಗಳ ಬಗ್ಗೆ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ಪ್ರಶ್ನೆ ಎತ್ತಿದರು. 2001ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟಿನವರು ಪಡ್ರೆಯ ನೀರು, ಮಣ್ಣು, ಜನರ ರಕ್ತ ಪರೀಕ್ಷೆ ಮಾಡಿ ಎಂಡೋಸಲ್ಫಾನ್ ಇದೆ ಅಂದರು. ಬೇರೊಂದು ಲ್ಯಾಬಿನ ವರದಿ ಇಲ್ಲ ಅಂದಿತು. ಆಮೇಲೆ ವರ್ಷಗಟ್ಟಲೆ ನಡೆದದ್ದು ಕಾಯಿಲೆಯ ಚರ್ಚೆ ಅಲ್ಲ. ಯಾರು ಸ್ಯಾಂಪಲ್ ತೆಗೆದರು, ಹೇಗೆ ತೆಗೆದರು, ಯಾವ ಯಂತ್ರದಲ್ಲಿ ನೋಡಿದರು ಎಂಬ ಚರ್ಚೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರೂ ಬಂದು ಹೋದರು. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಕೊಟ್ಟದ್ದು 2011ರ ಮೇ 13ಕ್ಕೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಅದೇ ಕೋರ್ಟ್ ಹೇಳಿದ್ದು 2017ರಲ್ಲಿ.

ಮಾಷ್ಟ್ರು ಹೇಳದ ಒಂದು ವಿಷಯ ಸೇರಿಸುತ್ತೇನೆ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಮ್ಮಿ. ಮಣ್ಣಿಗೆ, ತೋಡಿನ ಅಡಿಯ ಕೆಸರಿಗೆ ಅಂಟಿಕೊಳ್ಳುತ್ತದೆ. ನೀರು ಮಾತ್ರ ತೆಗೆದು ಪರೀಕ್ಷಿಸಿ "ಸಿಗಲಿಲ್ಲ" ಅಂದರೆ ಅಲ್ಲಿ ಇಲ್ಲ ಅಂತ ಅರ್ಥ ಅಲ್ಲ. ನಿಮ್ಮ ತೋಡಿನಲ್ಲೂ ಕೆಸರು ನೋಡಿಸಿ.

ಗಡಿಯ ವಿಷಯಕ್ಕೂ ಒಂದು ಉದಾಹರಣೆ ಇದೆ. ಮಿಂಚಿಪದವಿನ ಪಾಳು ಬಾವಿಗೆ ಉಳಿದ ಎಂಡೋಸಲ್ಫಾನ್ ಹಾಕಿ ಮುಚ್ಚಿದ್ದಾರೆ ಎಂಬ ದೂರನ್ನು ಹಸಿರು ನ್ಯಾಯಮಂಡಳಿಗೆ ಒಯ್ದವರು ಉಡುಪಿಯ ಡಾ. ರವೀಂದ್ರನಾಥ ಶಾನುಭಾಗ್. ಬಾವಿ ಕೇರಳದ್ದು, ಅರ್ಜಿ ಕರ್ನಾಟಕದ್ದು. ಕೇಂದ್ರ ಮಂಡಳಿಯವರು ಬಂದು ಸ್ಯಾಂಪಲ್ ತೆಗೆದರು. ಆಚೆಯವರಿಗೆ ಈಚೆಯ ಉಸಾಬರಿ ಯಾಕೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಕೋರ್ಟುಗುಮಾಸ್ತ:

ಒಳ್ಳೆ ನೆನಪು ಮಾಡಿದಿರಿ. 2010ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಕೇರಳ, ಕರ್ನಾಟಕ ಎರಡೂ ಸೇರುತ್ತವೆ. ಹಾಗಾಗಿ ಅಲ್ಲಿ ಗಡಿಯ ತಲೆನೋವೇ ಇಲ್ಲ. ಎರಡೂ ಮಂಡಳಿಗಳನ್ನು ಒಂದೇ ಅರ್ಜಿಯಲ್ಲಿ ಎದುರುದಾರರನ್ನಾಗಿ ಮಾಡಬಹುದು. ಆದರೆ ಗಡುವು ನೋಡಿಕೊಳ್ಳಿ. ತಕರಾರು ಮೊದಲು ಎದ್ದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಪರಿಹಾರ ಕೇಳುವುದಾದರೆ 5 ವರ್ಷ ಇದೆ. ಮೊದಲು ಮಂಡಳಿಗಳಿಗೆ ಬರೆದು, ಸ್ವೀಕೃತಿ ಇಟ್ಟುಕೊಳ್ಳಿ. ಏನೂ ಆಗದಿದ್ದರೆ ಚೆನ್ನೈ.

ಜೈಲಿಗೆ ಹಾಕಿಸುತ್ತೇನೆ ಅಂತ ಯಾರಾದರೂ ಹುರುಪಿನಲ್ಲಿದ್ದರೆ ಇದನ್ನೂ ಓದಿ. ಸೆಕ್ಷನ್ 24 ಮೀರಿದರೆ ಒಂದೂವರೆ ವರ್ಷದಿಂದ 6 ವರ್ಷದವರೆಗೆ ಸಜೆ ಅಂತ ಮೊದಲು ಕಾಯ್ದೆಯಲ್ಲಿತ್ತು. 2024ರ ತಿದ್ದುಪಡಿ ಹೆಚ್ಚಿನ ತಪ್ಪುಗಳಿಗೆ ಸಜೆ ತೆಗೆದು 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಅದು ಮೊದಲು ಬಂದದ್ದು ಹಿಮಾಚಲ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳಲ್ಲಿ ವಿಧಾನಸಭೆ ನಿರ್ಣಯ ಮಾಡಿದ ಮೇಲೆಯೇ. ನನಗೇನೋ ಸಜೆಗಿಂತ ಸೆಕ್ಷನ್ 33ಎ ಮೇಲೆ ನಂಬಿಕೆ. ಘಟಕ ಮುಚ್ಚಿಸುವ, ಕರೆಂಟ್ ಕಡಿಯುವ ಆದೇಶ ಮಂಡಳಿಯೇ ಕೊಡಬಹುದು. ಕರೆಂಟ್ ಹೋದರೆ ಎಲ್ಲರಿಗೂ ಬೇಗ ಬುದ್ಧಿ ಬರುತ್ತದೆ.

ಚಂದ್ರಗಿರಿ ದಂಡೆ:

ನೀವೆಲ್ಲ ಮೇಲಿನವರು, ನಾವು ಕಾಸರಗೋಡು ಪೇಟೆಯವರು. ಬಾವಿಕ್ಕೆರೆಯಲ್ಲಿ ಹೊಳೆಯಿಂದ ಎತ್ತಿದ ನೀರು ನಮ್ಮ ನಳ್ಳಿಗೆ ಬರುತ್ತದೆ. ಆ ಹೊಳೆ ಕೊಡಗಿನಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದು ಇಲ್ಲಿಗೆ ಬಂದು ಚಂದ್ರಗಿರಿ ಆಗುತ್ತದೆ. ಬೇಸಿಗೆಯಲ್ಲಿ ಹರಿವು ಕಮ್ಮಿಯಾದರೆ ಸಮುದ್ರದ ಉಪ್ಪು ನೀರು ಮೇಲೇರಿ ನಳ್ಳಿಯಲ್ಲೇ ಉಪ್ಪು ಬರುತ್ತಿತ್ತು. ವರ್ಷ ವರ್ಷ ಮರಳು ಚೀಲದ ತಡೆ, ವರ್ಷ ವರ್ಷ ಅದು ಕೊಚ್ಚಿಹೋಗುವುದು. ಖಾಯಂ ತಡೆ ಕಟ್ಟಿದ ಮೇಲೆ ಪರವಾಗಿಲ್ಲ. ಇದಕ್ಕೆ ಯಾವ ಸೆಕ್ಷನ್ ಇದೆ ಗುಮಾಸ್ತರೇ? ಮೇಲೆ ಎಲ್ಲರೂ ಪಂಪಿನಲ್ಲಿ ಎಳೆದರೆ ಕೆಳಗೆ ಉಪ್ಪು.

ಕೋರ್ಟುಗುಮಾಸ್ತ:

ಸೆಕ್ಷನ್ ಇಲ್ಲ ಅಣ್ಣ. ನೀರಿನ ಗುಣಕ್ಕೆ ಒಂದು ಕಾಯ್ದೆ, ಪ್ರಮಾಣಕ್ಕೆ ಬೇರೆ ಕಾಯ್ದೆ. ನೆಲದಡಿಯ ನೀರಿಗೆ ಕೇರಳದಲ್ಲಿ 2002ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚನೆ ಆದ ಜಾಗದಲ್ಲಿ ಬೋರ್ ಕೊರೆಯಲು ಅನುಮತಿ ಬೇಕು. ಹೊಳೆಯಲ್ಲಿ ನೀರು ಕಮ್ಮಿಯಾದರೆ ಕೊಳೆ ತಾನಾಗಿ ಜಾಸ್ತಿ ಆಗುತ್ತದೆ ಎಂಬುದನ್ನು ಈ ಎರಡೂ ಸರಿಯಾಗಿ ಹಿಡಿಯುವುದಿಲ್ಲ.

ಕಟ್ಟದ ಕೆಲಸ:

ಇಷ್ಟು ಹೊತ್ತು ಯಾರೂ ಕಟ್ಟದ (ಬೇಸಿಗೆಗೆ ತೋಡಿನ ನೀರು ನಿಲ್ಲಿಸುವ ಒಡ್ಡು) ಸುದ್ದಿ ಎತ್ತಲಿಲ್ಲ. ಗುಡ್ಡೆಬದಿಯವರೇ, ನಿಮ್ಮ ತೋಡಿಗೆ ಈ ಸಲ ಕಟ್ಟ ಹಾಕುತ್ತೀರಾ?

ಏತಡ್ಕದಲ್ಲಿ ಸಾಲಾಗಿ ಕಟ್ಟ ಹಾಕುವುದನ್ನು ನೋಡಿದವರಿಗೆ ಗೊತ್ತು. ಒಂದು ಕಟ್ಟದ ನೀರು ಹಿಂದಿನ ಕಟ್ಟದ ಬುಡ ಮುಟ್ಟುತ್ತದೆ. ಬಾವಿಗಳು ಏರುತ್ತವೆ, ಬೋರಿನವರಿಗೆ ಕೆಲಸ ಇರುವುದಿಲ್ಲ. ಹಿಂದೆ ಕಲ್ಲು, ಮಣ್ಣು, ಅಡಿಕೆ ಮರ ಸಾಕಿತ್ತು. ಈಗ ಪ್ಲಾಸ್ಟಿಕ್ ಹಾಳೆಯೂ ಬೇಕು. ಆದರೆ ಕಟ್ಟಕ್ಕೆ ಒಳ್ಳೆ ನೀರು, ಕೆಟ್ಟ ನೀರು ಅಂತ ಭೇದ ಇಲ್ಲ. ರಬ್ಬರ್ ನೀರು ಬರುವ ತೋಡಿಗೆ ಕಟ್ಟ ಹಾಕಿದರೆ ಅದೇ ನೀರು ನಿಂತು, ಇಂಗಿ, ಎಲ್ಲರ ಬಾವಿಗೆ ಇಳಿಯುತ್ತದೆ. ಹರಿದು ಹೋಗುತ್ತಿದ್ದ ತೊಂದರೆಯನ್ನು ನಾವೇ ಹಿಡಿದಿಟ್ಟುಕೊಂಡ ಹಾಗೆ. ಹಾಕದಿದ್ದರೆ ಮಾರ್ಚಿನಲ್ಲಿ ತೋಟ ಒಣಗುತ್ತದೆ.

ಅದಕ್ಕೆ ನಾನು ಹೇಳುವುದು, ಕಟ್ಟ ಹಾಕುವ ಮೊದಲೇ ಸ್ಯಾಂಪಲ್ ಆಗಬೇಕು. ಕಟ್ಟ ನಿಂತ ಮೇಲೆ ನೀರು ಬೆರೆತು ಯಾರದ್ದು ಅಂತ ಗೊತ್ತಾಗುವುದಿಲ್ಲ. ಹಲಗೆ ಇಳಿಸುವ ಕಿಂಡಿ ಅಣೆಕಟ್ಟು ಇದ್ದರೆ ಅಡಿಯ ಹಲಗೆಯನ್ನು ಸ್ವಲ್ಪ ದಿನ ಬಿಟ್ಟುಕೊಡಿ. ಕೆಸರು, ಲೋಳೆ ಮೊದಲು ಹೋಗಲಿ.

ರಬ್ಬರ್ ರಾಯ:

ಎಲ್ಲದಕ್ಕೂ ರಬ್ಬರ್ ರಬ್ಬರ್ ಅಂತೀರಿ ಭಾವ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಟ್ಟು ಡ್ರಮ್ಮು, ಪಂಪು ಎಲ್ಲಿ ತೊಳೆಯುತ್ತೀರಿ ಅಂತ ನಾನು ಕೇಳಲಾ? ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತು ಇರುತ್ತದೆ. ಅದರಲ್ಲಿರುವ ತಾಮ್ರ ಮೀನಿಗೆ ವಿಷ.

ಕಟ್ಟದ ಕೆಲಸ:

ಕೇಳಿ ಭಾವ, ಕೇಳಬೇಕಾದ್ದೇ. ಡ್ರಮ್ಮನ್ನು ತೋಡಿನ ಬದಿಯಲ್ಲಿ ಇಡಲೇಬಾರದು. ತೊಳೆದ ನೀರನ್ನು ತೋಟದ ನಡುವಿನ ಅಡಿಕೆ ಬುಡಕ್ಕೆ ಹೊಯ್ದರೆ ಮುಗಿಯಿತು. ನಮ್ಮಲ್ಲಿ ಮದ್ದು ಬಿಡುವ ಗುಂಪಿನವರಿಗೆ ಇದನ್ನು ಸಂಬಳದ ಜೊತೆ ಹೇಳಿ ಅಭ್ಯಾಸ ಮಾಡಿಸಿದ್ದೇವೆ.

ವಿಟ್ಲ ಕಡೆಯವ:

ನಾನು ಆಚೆಯವ. ಇಲ್ಲಿ ನಡೆಯುವುದನ್ನೆಲ್ಲ ಓದುತ್ತಿದ್ದೆ. ಗಡಿಯ ಶೆಡ್ಡುಗಳಲ್ಲಿ ಕೆಲವು ಯಾವ ರಾಜ್ಯದ್ದು ಅಂತ ನಮಗೇ ಗೊತ್ತಾಗುವುದಿಲ್ಲ. ಗೇಟು ಕರ್ನಾಟಕದಲ್ಲಿ, ಹಿಂದಿನ ಚರಂಡಿ ಕೇರಳದಲ್ಲಿ. ಗುಡ್ಡೆಬದಿಯವರು ಎರಡೂ ಆಚೆ ಅಂದರು, ಆದರೆ ನೀರು ಬೀಳುವ ಜಾಗ ಯಾವ ಕಡೆ ಅಂತ ನೋಡಿದ್ದೀರಾ? ಮತ್ತೆ ಕೋಳಿ ಅಂಗಡಿಗಳ ತ್ಯಾಜ್ಯವನ್ನು ರಾತ್ರಿ ತಂದು ಗಡಿಯ ತೋಡಿಗೆ ಚೆಲ್ಲಿ ಹೋಗುವ ಗಾಡಿಗಳೂ ಇವೆ. ಅದೂ ಎರಡೂ ಕಡೆಯಿಂದ. ಎಲ್ಲವನ್ನೂ ಫಾರ್ಮಿನ ತಲೆಗೆ ಕಟ್ಟಬೇಡಿ.

ನೀರ್ಚಾಲಿನ ಅಕ್ಕ:

ರಾತ್ರಿ ಗಾಡಿಗೆ ಮಾತ್ರ ಈಚೆ ಪಂಚಾಯತೇ ಸಾಕು. ಕೇರಳದ ಪಂಚಾಯತ್ ಕಾಯ್ದೆಯಲ್ಲಿ ನೀರಿಗೆ ಕಸ ಹಾಕಿದವರಿಗೆ ದಂಡವೂ ಇದೆ, ಜೈಲೂ ಇದೆ. ಗಾಡಿಯ ನಂಬರ್ ಕಾಣುವ ಫೋಟೋ ಕಳಿಸಿದವರಿಗೆ ದಂಡದ ಕಾಲು ಭಾಗ, ಹೆಚ್ಚೆಂದರೆ 2,500 ರೂಪಾಯಿ ಇನಾಮು ಅಂತ 2023ರಲ್ಲಿ ಆದೇಶ ಬಂದಿದೆ. ಇನಾಮಿನ ಆಸೆಗೆ ಕತ್ತಲಲ್ಲಿ ಒಬ್ಬೊಬ್ಬರೇ ಗಾಡಿ ತಡೆಯಲಿಕ್ಕೆ ಹೋಗಬೇಡಿ ಮತ್ತೆ.

ಗುಡ್ಡೆಬದಿ:

ಎಲ್ಲರಿಗೂ ಉಪಕಾರ. ರಾಯರು ಹೇಳಿದ ಹಾಗೆ ನೋಡಿದೆ. ಕೆಲಸದವರು ರಜೆ ಮಾಡಿದ ಮರುದಿನ ನೊರೆ ಇರಲಿಲ್ಲ. ಶೆಡ್ಡಿನವರ ಹತ್ತಿರ ಮಾತಾಡಿದೆ. ಬಯೋಗ್ಯಾಸ್ ಕೇಳಿ ನಕ್ಕರು, ಇಲ್ಲ ಅಂತ ಹೇಳಲಿಲ್ಲ, ಆಗಲಿ ಅಂತಲೂ ಹೇಳಲಿಲ್ಲ. ದೂರು ಬರೆಯುತ್ತಿದ್ದೇನೆ. ಎರಡು ಸಂಶಯ. ಕಾಸರಗೋಡಿನ ಕಚೇರಿಗೆ ಕನ್ನಡದಲ್ಲಿ ಬರೆದರೆ ನಡೆಯುತ್ತದಾ? ಇನ್ನೊಂದು, ಶೆಡ್ಡಿನ ಸರ್ವೆ ನಂಬರ್ ನನಗೆ ಗೊತ್ತಿಲ್ಲ. ಜಾಗ ಹೇಗೆ ಗುರುತಿಸುವುದು?

ಕೋರ್ಟುಗುಮಾಸ್ತ:

ಕನ್ನಡ ಧಾರಾಳ ನಡೆಯುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಇದೆ. ಉತ್ತರವೂ ಕನ್ನಡದಲ್ಲಿ ಬೇಕು ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿ. ಬೇಗ ಕೆಲಸ ಆಗಬೇಕಾದರೆ ಮಲಯಾಳದ ಒಂದು ಪ್ರತಿ ಜೊತೆಗಿಡಿ. ಹಕ್ಕು ಬೇರೆ, ಟೇಬಲಿನ ಮೇಲಿನ ಫೈಲ್ ಬೇರೆ.

ಸರ್ವೆ ನಂಬರ್ ಇಲ್ಲದಿದ್ದರೆ ಹತ್ತಿರದ ಕರೆಂಟ್ ಕಂಬದ ನಂಬರ್ ಬರೆಯಿರಿ. ಶೆಡ್ಡಿನ ಲೈನ್ ಕರ್ನಾಟಕದ ಮೆಸ್ಕಾಂನದ್ದಾದರೆ ಮಂಗಳೂರು, ಕೇರಳದ ಕೆಎಸ್‌ಇಬಿಯದ್ದಾದರೆ ಕಾಸರಗೋಡು. ನೂರಕ್ಕೆ ನೂರು ಸರಿ ಅಂತ ಅಲ್ಲ, ಆದರೆ ಅಧಿಕಾರಿ ದಾರಿ ತಪ್ಪುವುದಿಲ್ಲ. ನಾಳೆ 33ಎ ಆದೇಶ ಬಂದರೆ ಕರೆಂಟ್ ಕಡಿಯಬೇಕಾದವರಿಗೂ ಅದೇ ನಂಬರ್ ಬೇಕು. ಚರಂಡಿ ತೋಡಿಗೆ ಸೇರುವ ಜಾಗದಲ್ಲಿ ನಿಂತು ಫೋನಿನಲ್ಲಿ ಲೊಕೇಶನ್ ತೆಗೆದು ಅದನ್ನೂ ಹಾಕಿ. ಶೆಡ್ಡಿನ ಎದುರು ನಿಂತು ತೆಗೆಯಬೇಡಿ, ಬೀಳುವ ಜಾಗದ್ದೇ ಬೇಕು.

ವಿಟ್ಲ ಕಡೆಯವ:

ಕಂಬದ ನಂಬರ್ ನಾನು ನೋಡಿ ಹಾಕುತ್ತೇನೆ, ಆ ದಾರಿಯಲ್ಲೇ ನಾನು ಹಾಲು ಕೊಡಲಿಕ್ಕೆ ಹೋಗುವುದು. ಮಂಗಳೂರಿಗೆ ಕೊಡುವ ದೂರಿಗೆ ನಮ್ಮ ಕಡೆಯಿಂದಲೂ ಕೆಲವರು ಸಹಿ ಹಾಕುತ್ತಾರೆ. ಶೆಡ್ಡಿನಿಂದ ನಿಮ್ಮ ತೋಟಕ್ಕೆ ಬರುವುದರೊಳಗೆ ಆ ತೋಡಿನ ಬದಿಯಲ್ಲಿ ನಮ್ಮವರ ಬಾವಿಗಳೂ ಇವೆ. ಪ್ರತಿ ತೆಗೆದು ಇಡಿ, ಭಾನುವಾರ ಬರುತ್ತೇನೆ.